ದೀಪ ದೊಡ್ಡದು ಮಾಡು

ಕ್ವಾರ್ಟ್ಸೈಟ್ ಊರಾಚೆ, ಅರಿಜೋನಾದ ಜಲ್ಲಿಬಯಲು.
ಮೂರು ದಿನದಿಂದ ಮೋಡ. ಮಳೆಯಿಲ್ಲ ಗಿಳೆಯಿಲ್ಲ,
ಹಿಂಡಿ ಹರವಲು ಮರೆತ ಕಂಬಳಿಯ ಹಾಗೆ ಬರೀ ಮೋಡ.
ವ್ಯಾನಿನ ನೆತ್ತಿಯ ಮೇಲೆ ನಾನೂರು ವ್ಯಾಟಿನ ಸೋಲಾರು,
ನಲವತ್ತು ಕೊಟ್ಟರೆ ಹೆಚ್ಚು.

ಬೆಳಿಗ್ಗೆ ಏಣಿ ಹತ್ತಿ ಧೂಳು ಒರೆಸಿದೆ.
ಹೋದ ವಾರವೆಲ್ಲ ಬಿಸಿಲಿತ್ತು, ಒರೆಸಿರಲಿಲ್ಲ.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವಳು ನಾನೇ.

ಸೀಟಿನಡಿ ಎರಡು ಬ್ಯಾಟರಿ, ಸೀಸದವು.
"ಅರ್ಧ ಇಳಿಯಿತೋ, ಖಾಲಿ ಅಂದುಕೊಳ್ಳಿ,"
ಮಾರುವಾಗ ಡ್ವೇನ್ ಹೇಳಿದ್ದ.
ನನಗದು ಹೊಸದೇ?
ಇಪ್ಪತ್ತೆರಡು ವರ್ಷ ಫೀನಿಕ್ಸಿನ ಆಸ್ಪತ್ರೆಯ
ಅಡುಗೆಮನೆಯಲ್ಲಿ ಲೆಕ್ಕ ಬರೆದವಳು,
ಸಂಬಳದ ದಿನವೇ ಅರ್ಧ ಇಲ್ಲವೆಂದು ಬದುಕಿದವಳು.

ಈಗಲೂ ಬರೆಯುತ್ತೇನೆ, ಹಾಲಿನವನ ಲೆಕ್ಕದ ಹಾಗೆ:
ಫ್ರಿಜ್ಜು ಮೂವತ್ತೈದು ಆಂಪ್,
ನೀರಿನ ಪಂಪು ಎರಡು,
ಫೋನು, ಇವರು ಎಷ್ಟು ಹೊತ್ತು ಚೆಸ್ ಆಡುತ್ತಾರೋ ಅಷ್ಟು.
ಇನ್ವರ್ಟರು ಮಾತ್ರ ಕೂತಲ್ಲೇ ತಿನ್ನುತ್ತದೆ
ಗಂಟೆಗೊಂದು, ಮದುವೆಮನೆಯ ಭಾವಮೈದುನನ ಹಾಗೆ.
ಅದರ ಬೆನ್ನು ಬೆಚ್ಚಗಿರುತ್ತದೆಂದು
ಹೆಪ್ಪು ಹಾಕಿದ ಪಾತ್ರೆ ಒರಗಿಸಿಡುತ್ತೇನೆ.
ಈ ಚಳಿಯಲ್ಲೂ ಮೊಸರು ಗಟ್ಟಿ. ಅಷ್ಟು ಲಾಭ.

ಕೊನೆಯ ಸಾಲು ಕೆಂಪು ಶಾಯಿಯಲ್ಲಿ: ಉಸಿರಿನ ಯಂತ್ರ.
ರಾತ್ರಿಯಿಡೀ ಇವರ ಮೂಗಿಗೆ ಗಾಳಿ ಊದುವುದು.
ಊದುವುದಕ್ಕೆ ಹೆಚ್ಚೇನೂ ಬೇಡ,
ಆ ಗಾಳಿಯನ್ನು ತೇವ ಮಾಡುವ ಪುಟ್ಟ ಹೀಟರಿದೆಯಲ್ಲ,
ಅದು ರಾಕ್ಷಸ. ತೆಗೆದುಬಿಟ್ಟೆ.
"ಅಂಬುಜಾ, ನಾಲಿಗೆ ಸಂಡಿಗೆಯಾಗಿದೆ," ಅಂದರು ಬೆಳಿಗ್ಗೆ.
"ಕರಿಯೋಣ ಅಂದರೆ ಕರೆಂಟಿಲ್ಲ," ಅಂದೆ.

ಮೂರನೆಯ ರಾತ್ರಿ, ಎರಡೂವರೆ.
ಮೀಟರು ಹನ್ನೊಂದು ಪಾಯಿಂಟ್ ಎಂಟು.
ತಡಕಾಡಿ ಫ್ರಿಜ್ಜು ನಿಲ್ಲಿಸಿದೆ. ಕಾದು ಕೂತೆ.
ಹನ್ನೊಂದು ಒಂಬತ್ತು.
ಆಮೇಲೆ ಹನ್ನೆರಡು.
ಎಲ್ಲಿಂದ ಬಂತು? ಬಿಸಿಲಿಲ್ಲ, ಯಾರೂ ತುಂಬಲಿಲ್ಲ.
ಭಾರ ಹೊತ್ತಾಗ ಕೇಳಿದರೆ ಬ್ಯಾಟರಿ
ಇದ್ದದ್ದಕ್ಕಿಂತ ಕಡಿಮೆ ಹೇಳುತ್ತದೆ.
ಇಳಿಸಬೇಕು, ಸ್ವಲ್ಪ ಹೊತ್ತು ಬಿಡಬೇಕು, ಆಮೇಲೆ ಕೇಳಬೇಕು.
ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ.

ತಲೆದೆಸೆಯ ಕಡಲೆಗಾತ್ರದ ದೀಪ ಉಳಿದಿತ್ತು.
ಅದು ತಿನ್ನುವುದು ಲೆಕ್ಕಕ್ಕೇ ಬಾರದು.
ಮಾಸ್ಕಿನೊಳಗಿಂದ, ನಿದ್ದೆಯಲ್ಲೋ ಎಚ್ಚರದಲ್ಲೋ,
"ದೀಪ ದೊಡ್ಡದು ಮಾಡೇ," ಅಂದರು ಇವರು.

ಆರಿಸು ಎನ್ನಬಾರದು, ನಮ್ಮತ್ತೆಯ ಕಟ್ಟಳೆ.
ಪಕ್ಕದ ಟ್ರೇಲರಿನ ಲೊರೇನಳಿಗೆ ಹೇಳಿದ್ದೆ ಒಮ್ಮೆ.
ನಗಲಿಲ್ಲ ಅವಳು. ಗಂಡ ಹೋಗಿ ವರ್ಷವಾಗಿತ್ತು.
"ದೊಡ್ಡದಾದದ್ದು ಎಲ್ಲಿರುತ್ತದೆ?" ಅಂತ ಕೇಳಿದ್ದಳು.
ಗೊತ್ತಿಲ್ಲ ಅಂದಿದ್ದೆ.

ದೊಡ್ಡದು ಮಾಡಿದೆ.
ಕತ್ತಲಲ್ಲಿ ಯಂತ್ರ ಊದುತ್ತಿತ್ತು, ಇವರು ಎಳೆದುಕೊಳ್ಳುತ್ತಿದ್ದರು,
ನಾನೂ ಅದೇ ತಾಳಕ್ಕೆ.

ಬೆಳಗಾಗುವುದರೊಳಗೆ ಫ್ರಿಜ್ಜಿನ ಹಾಲಷ್ಟನ್ನೂ
ಕಾಯಿಸಿ ಹೆಪ್ಪು ಹಾಕಬೇಕು.
ಗ್ಯಾಸು ಇನ್ನೂ ಇದೆ.