ಹತ್ತೊಂಬತ್ತು, ಇಪ್ಪತ್ತು

ಎರಡೂ ಫಿಯೆಟ್. ಎರಡೂ ಬಿಳಿ
ಅಂತ ಹೇಳಬಹುದಾದಷ್ಟು ಬಿಳಿ.
ಒಂದರ ಹಣೆಯಲ್ಲಿ ಕೆಎ ಹತ್ತೊಂಬತ್ತು,
ಇನ್ನೊಂದು ಮಲ್ಪೆಯಿಂದ ಟೆಂಪೋದ ಬಾಲಕ್ಕೆ
ಹಗ್ಗ ಕಟ್ಟಿಸಿಕೊಂಡು ಬಂದ ಇಪ್ಪತ್ತು.

ಬಾಳಿಗರದ್ದಕ್ಕೆ ಮೈ ಉಂಟು, ಉಸಿರಿಲ್ಲ.
ಫಳ್ನೀರಿನ ಏರಿನಲ್ಲಿ ಹೊಗೆ ಎಷ್ಟೆಂದರೆ
ಹಿಂದಿನ ಬಸ್ಸಿನವ ಇಳಿದು ಬಂದು
"ಅನ್ನ ಬೆಂದಿತಾ ಮಾರಾಯ್ರೆ" ಎಂದು ಕೇಳಿದ್ದನಂತೆ.
ತಿಂಗಳಾಯರದ್ದು ಉಲ್ಟಾ:
ಕಡಲ ಬದಿ ನಿಂತೂ ನಿಂತೂ
ಬಾಗಿಲ ಕೆಳಗೆಲ್ಲ ನೀರುದೋಸೆಯ ಹಾಗೆ ತೂತು.
ಎಂಜಿನ್ ಮಾತ್ರ, ಚಾವಿ ಮುಟ್ಟಿದರೆ ಸಾಕು,
ಒಂದೇ ಕರೆಗೆ ಓಗೊಡುತ್ತದೆ.

ಲಾದ್ರು ಪೊರ್ಬು ಎರಡರ ನಡುವೆ ಸ್ಟೂಲು ಹಾಕಿ
ಒಂದು ಬೀಡಿ ಮುಗಿಯುವವರೆಗೆ ಕೂತರು.
"ಎರಡರಿಂದ ಒಂದೂವರೆ ಆಗ್ತದೆ" ಎಂದರು.
ನನಗೆ ಹದಿನಾರು. ಲೆಕ್ಕದಲ್ಲಿ ಫೇಲು.
ತಲೆಯಾಡಿಸಿದೆ.

ಜೆಪ್ಪುವಿನ ಆ ಶೆಡ್ಡಿನ ಮಾಡು ಭಾರ ತಾಳುವಂಥದ್ದಲ್ಲ,
ಚೈನ್ ಬ್ಲಾಕು ತೂಗಿದ್ದು ಹೊರಗೆ, ಹಲಸಿನ ಕೊಂಬೆಗೆ.
ಕೊಂಡಿ ಕೊಂಡಿಯಾಗಿ, ಕಟ ಕಟ ಕಟ,
ಎಂಜಿನ್ನು ಗಿಯರ್‌ಬಾಕ್ಸು ಜೊತೆಯಲ್ಲೇ ಮೇಲೆದ್ದು
ಎಲೆಗಳ ನಡುವೆ ಮೆಲ್ಲ ತಿರುಗುತ್ತ ನಿಂತಿತು,
ಮರ ಬಿಟ್ಟ ಕಬ್ಬಿಣದ ಕಾಯಿ,
ಕಪ್ಪು ಮೇಣ ತೊಟ್ಟಿಕ್ಕುತ್ತ.
ಸೆವ್ರಿನ್ ಬಾಯಿ ಕಿಟಕಿಯಿಂದ ಕೂಗಿದರು:
"ಕೊಂಬೆ ಮುರಿದರೆ ಬಾಡಿಗೆಗೆ ಸೇರಿಸ್ತೇನೆ!"
ಈ ಮೇಣಕ್ಕೆ ತೆಂಗಿನೆಣ್ಣೆ ಸಾಲದು, ಸೀಮೆಎಣ್ಣೆಯೇ ಬೇಕು.
ಅದೇ ಕೈಯಲ್ಲಿ ಮಧ್ಯಾಹ್ನದ ಗಂಜಿ ಉಂಡೆ.

ತಕರಾರು ಒಂದೇ.
ಬಾಳಿಗರ ಗಿಯರು ಸ್ಟಿಯರಿಂಗಿನ ಕತ್ತಿನಲ್ಲಿ,
ತಿಂಗಳಾಯರದ್ದು ನೆಲದಲ್ಲಿ.
ಉಳಿ ಇಟ್ಟು ನೆಲ ಕೊರೆಯುವಾಗ
ಬಾಳಿಗರು ಬೆನ್ನು ತಿರುಗಿಸಿ ರಸ್ತೆ ನೋಡಿದರು.
ಆಮೇಲೆ, ಬಹಳ ಹೊತ್ತಿನ ಮೇಲೆ:
"ಈಗ ಕಾರು ಯಾರದ್ದು ಪೊರ್ಬು, ನನ್ನದಾ, ಅವರದ್ದಾ?"
"ನಂಬರು ಚಾಸಿಯದ್ದು, ಸದ್ದು ಅವರದ್ದು,
ಪೆಟ್ರೋಲು ನಿಮ್ಮದು."

ತಿಂಗಳಾಯರು ಬಂದದ್ದು ಒಮ್ಮೆ.
ಡಿಕ್ಕಿಯ ಮೂಲೆಯ ಮರಳನ್ನು
ಬರಿಗೈಯಲ್ಲಿ ಗುಡಿಸಿ ಹೊರಗೆ ಹಾಕಿದರು.
ದುಡ್ಡು ಎಣಿಸಲಿಲ್ಲ. ಹೊರಡುವಾಗ ನನ್ನ ಹತ್ತಿರ,
"ಬೆಳಿಗ್ಗೆ ಚೋಕ್ ಅರ್ಧ ಮಾತ್ರ ಎಳೀಲಿಕ್ಕೆ ಹೇಳು.
ಪೂರ್ತಿ ಎಳೆದರೆ ಅದಕ್ಕೆ ಸಿಟ್ಟು ಬರ್ತದೆ."

ಮೂರನೇ ದಿನ ಸಂಜೆ, ಮುಗಿಯಿತೆಂದು
ಕೈ ತೊಳೆಯಲು ಹೋದೆ. "ಎಲ್ಲಿಗೆ?" ಎಂದರು ಪೊರ್ಬು.
ಬಾಳಿಗರ ಸತ್ತ ಎಂಜಿನ್ನನ್ನು ಮತ್ತೆ ಕೊಂಬೆಗೇರಿಸಿ
ತುಕ್ಕಿನ ಗೂಡಿನೊಳಗೆ ಇಳಿಸಿದೆವು.
ನಾಳೆ ಗುಜರಿಗೆ ಹೋಗುವ ಕಾರು.
ಆದರೂ ಮೂರೂ ಮೌಂಟಿಂಗು, ಎಲ್ಲ ಬೋಲ್ಟು,
ರೇಡಿಯೇಟರಿನ ಪೈಪು, ಸುಲಿದ ವಯರಿಗೆ ಟೇಪು.
ಫ್ಯಾನ್ ಬೆಲ್ಟಿನ ಬಿಗಿಯನ್ನು
ಹೆಬ್ಬೆರಳಿನಲ್ಲಿ ಒತ್ತಿ ನೋಡಿದರು, ಎರಡು ಸಲ.
ಯಾಕೆ ಎಂದೆ.
"ಗುಜರಿಯವ ತೂಕಕ್ಕೆ ತಗೊಳ್ಳುವುದು."

ಬೆಲ್ಟು ಬಿಗಿದರೆ ತೂಕ ಹೆಚ್ಚುತ್ತದಾ
ಎಂದು ಕೇಳುವ ಧೈರ್ಯ ಬರಲಿಕ್ಕೆ ಹತ್ತು ವರ್ಷ ಹಿಡಿಯಿತು.
ಅಷ್ಟರಲ್ಲಿ ಅವರಿಗೆ ಕಿವಿ ಕೇಳುತ್ತಿರಲಿಲ್ಲ.
"ಹ್ಞಾಂ, ಊಟ ಆಯ್ತು" ಎಂದರು.

ಟ್ರಯಲ್ಲಿಗೆ ನಾನು ಪಕ್ಕದ ಸೀಟಿನಲ್ಲಿ.
ಮಾರ್ನಮಿಕಟ್ಟೆ ದಾಟುವಾಗ ಬಾಳಿಗರ ಎಡಗೈ
ತನ್ನಷ್ಟಕ್ಕೆ ಸ್ಟಿಯರಿಂಗಿನ ಕತ್ತಿಗೆ ಹೋಯಿತು.
ಅಲ್ಲಿ ಹಳೆಯ ಕಡ್ಡಿ ಹಾಗೇ ಉಂಟು,
ಯಾವುದಕ್ಕೂ ಸೇರದ್ದು. ತೆಗೆಯಲು ಅವರೇ ಬಿಟ್ಟಿರಲಿಲ್ಲ.
ಅದನ್ನು ಎರಡಕ್ಕೆ ಎಳೆದರು.
ಮತ್ತೆ ನೆನಪಾಗಿ, ಕೈ ಕೆಳಗಿಳಿಸಿ,
ನೆಲದ್ದನ್ನೂ ಎರಡಕ್ಕೆ ಹಾಕಿದರು.

ಫಳ್ನೀರಿನ ಏರು ಹತ್ತಿತು.
ಹೊಗೆ ಇಲ್ಲ.
ಹಿಂದಿನ ಬಸ್ಸಿನವ ಹಾರ್ನು ಹೊಡೆಯುತ್ತಲೇ ಇದ್ದ.