ಷರಾ

ಕಂಕನಾಡಿಯ ಸೊಸೈಟಿಯಲ್ಲಿ ನಾನು ಸರಾಫ.
ಬಳೆ, ಬೆಂಡೋಲೆ, ಕೊಂಡಿ ಕಳಚಿದ ಸರ
ಒರೆಗಲ್ಲಿಗೆ ಉಜ್ಜಿ, ಆಸಿಡ್ ಹನಿಸಿ,
ಇಷ್ಟು ಗ್ರಾಂ, ಇಷ್ಟು ಕ್ಯಾರೆಟ್ ಎಂದು ಬರೆಯುವುದು.
ಇಪ್ಪತ್ತಾರು ವರ್ಷ. ಯಾರ ಕತೆಯನ್ನೂ ಕೇಳಿದವನಲ್ಲ,
ಕತೆ ತೂಕಕ್ಕೆ ಬರುವುದಿಲ್ಲ.

ಜೆಪ್ಪುವಿನ ಸೆವ್ರಿನ್ ಬಾಯಿ
ಬಳೆ ಅಡವಿಡಲು ಕರ್ಚೀಫಿನ ಗಂಟು ಬಿಚ್ಚಿದಾಗ
ಜೊತೆಗೇ ಉರುಳಿ, ಮೇಜಿನ ಮೇಲೆ
ಮೂರು ಸುತ್ತು ತಿರುಗಿ ಮಲಗಿತು
ಗೋಳಿಬಜೆಯಗಲದ ಒಂದು ಬೆಳ್ಳಿ.

ಎಂಥ ನಾಣ್ಯ ಮಾರಾಯ್ರೇ ಇದು, ಬೆಲೆಯೇ ಬರೆದಿಲ್ಲ?

ನಾಣ್ಯ ಅಲ್ಲ, ಬಿಲ್ಲೆ.
ಹಡಗಿನಲ್ಲಿ ಅಡುಗೆಗಿದ್ದ ಗಾಸ್ಪರ್
ಯಾವುದೋ ಬಂದರಿನಲ್ಲಿ ಕೊಂಡದ್ದು.
ಒಂದು ಮಗ್ಗುಲಲ್ಲಿ ಕೋಣ. ಕಂಬಳದ್ದಲ್ಲ,
ಹೆಗಲೇ ದಿಣ್ಣೆಯಾದದ್ದು, ಗಡ್ಡ ಬಿಟ್ಟದ್ದು.
ಇನ್ನೊಂದರಲ್ಲಿ ಮುಖ. ಎರಡು ಜಡೆ, ಒಂದು ಗರಿ.
ನನ್ನ ಕಡೆಗಲ್ಲ, ಪಕ್ಕಕ್ಕೆ ನೋಡುತ್ತಿತ್ತು.

ಯಾರು?
ಲಕೋಟ.
ಲಕೋಟೆಯಾ?
ಬಾಯಿ ನಕ್ಕರು. ನಾನೂ ಹಾಗೇ ಕೇಳಿದ್ದೆ.
ಅಮೇರಿಕದ ಮೂಲದ ಜನ ಅಂತ ಅವರು ಹೇಳಿದ್ದು.
ಸರಕಾರ ಕಾಗದ ಮಾಡಿಕೊಟ್ಟಿತ್ತಂತೆ,
ಈ ಗುಡ್ಡ ನಿಮ್ಮದು, ಎಂದೆಂದಿಗೂ.
ಆರೇ ವರ್ಷ.
ಗುಡ್ಡದಲ್ಲಿ ಚಿನ್ನ ಸಿಕ್ಕಿತು.

ನಾನು ಒರೆಗಲ್ಲಿನಿಂದ ಕೈ ತೆಗೆದೆ.

ನೂರು ವರ್ಷದ ಮೇಲೆ ಕೋರ್ಟು ಹೇಳಿತಂತೆ
ತಪ್ಪಾಯಿತು, ದುಡ್ಡು ಕೊಡಿ.
ಕೋಟಿ ಕೋಟಿ. ಅವರು ಮುಟ್ಟಲಿಲ್ಲ.
ಬಡ್ಡಿ ಈಗಲೂ ಬೆಳೆಯುತ್ತಾ ಇದೆಯಂತೆ.
ದುಡ್ಡು ಬೇಡ, ಗುಡ್ಡ ಕೊಡಿ, ಅಂದರಂತೆ.

ಬಜಪೆಯ ನಮ್ಮ ಗೇರುಗುಡ್ಡ ಹೋದ ವರ್ಷ
ಪರಿಹಾರದ ಚೆಕ್ಕಿಗೆ ಅಮ್ಮ ಕುಂಕುಮ ಹಚ್ಚಿದ್ದಳು.
ಬ್ಯಾಂಕಿನವರು ತಕರಾರು ಮಾಡಿದರು, ಕಲೆಯಾಗಿದೆ ಅಂತ.
ಈಗ ಅಲ್ಲಿ ಗುಡ್ಡವಿಲ್ಲ.
ಆಕಾಶ ಸ್ವಲ್ಪ ಕೆಳಗಿಳಿದ ಹಾಗೆ ಕಾಣುತ್ತದೆ.

ಮತ್ತೆ ಈ ಮುಖ ಅಚ್ಚು ಹೊಡೆದು ಮಾರಿದವರು ಯಾರು?
ಅದು ನಮ್ಮವರು ಕೇಳಲಿಲ್ಲ ಶೇಟ್ರೇ. ಕೊಂಡರು.

ಬೆಳ್ಳಿಗೆ ನಮ್ಮಲ್ಲಿ ಸಾಲ ಇಲ್ಲ, ಬಾಯಿ.
ಸಾಲ ಕೇಳಿದೆನಾ? ಬಳೆಯ ಜೊತೆ ಇರಲಿ.
ಮನೆಯಲ್ಲಿ ಅಳಿಯನಿಗೆ ಅದರ ಮೇಲೆಯೇ ಕಣ್ಣು,
ಮಗುವಿಗೆ ಕಡಗ ಮಾಡಿಸುತ್ತಾನಂತೆ.
ಕರಗಿಸಿದರೆ ಮುಖ ಎಲ್ಲಿಗೆ ಹೋಗುತ್ತದೆ?

ನಮ್ಮದು ಏಳು ತಲೆಮಾರು ಕರಗಿಸಿದ ಮನೆತನ.
ನನಗೆ ಗೊತ್ತಿರಬೇಕಿತ್ತು.
ಅಜ್ಜನ ಮೂಸೆ ಇನ್ನೂ ಅಟ್ಟದಲ್ಲಿದೆ, ತಳದಲ್ಲಿ ಕಪ್ಪು.

ಕಂದು ಲಕೋಟೆಗೆ ಬಳೆ ಎರಡು,
ಅವುಗಳ ನಡುವೆ ಲಕೋಟ. ಅರಗು ಒತ್ತಿದೆ.
ಬಾಯಿ ಕೊಡೆ ಹುಡುಕಿಕೊಂಡು ಹೋದರು.
ರಿಜಿಸ್ಟರಿನಲ್ಲಿ ಬಳೆಯ ಲೆಕ್ಕ ಮುಗಿಸಿ
ಕೆಳಗಿನ ಸಾಲಿನಲ್ಲಿ ಬರೆದೆ:

ಬೆಳ್ಳಿ, ದುಂಡಗೆ, ಒಂದು.
ತೂಕ: ಮೂವತ್ತೊಂದು ಗ್ರಾಂ, ಚಿಲ್ಲರೆ.
ಮೌಲ್ಯ:
ಷರಾ: ಮುಖವಿದೆ. ಉಜ್ಜಿ ನೋಡಿಲ್ಲ.