ಮೂರು ಸಲ ಬಾ

ನಾನು ತೂಕ ಮತ್ತು ಅಳತೆಯ ಇಲಾಖೆಯವಳು.
ಗಾಂಧಿ ಬಜಾರಿನ ಚಿನ್ನದಂಗಡಿಯಿಂದ ಹಿಡಿದು
ಮೀನು ಮಾರ್ಕೆಟ್ಟಿನ ತುಕ್ಕು ತಕ್ಕಡಿಯವರೆಗೆ
ಮುಳ್ಳು ಸೊನ್ನೆಗೆ ನಿಂತಿದೆಯೇ ನೋಡಿ
ಮುದ್ರೆ ಒತ್ತುವುದು ನನ್ನ ಅನ್ನ.

ನನ್ನೊಳಗಿನ ಮುಳ್ಳು ಮಾತ್ರ
ಅವ್ವ ಹೋದ ವರ್ಷದಿಂದ ನಿಂತಿರಲಿಲ್ಲ.
ಪೂಜೆಗೆ ಕೂತರೆ ಎಡಕ್ಕೆ, ಎದ್ದರೆ ಬಲಕ್ಕೆ.
ಏನೂ ಇಡದ ತಟ್ಟೆ ಸುಮ್ಮನೆ ತೂಗುತ್ತಿತ್ತು.

ಗುರು ಹುಡುಕಿದೆ. ನಗಬೇಡಿ,
ಒಳ್ಳೆ ದರ್ಜಿಯನ್ನು ಹುಡುಕಿದ ಹಾಗೆಯೇ ಹುಡುಕಿದೆ,
ಅವರಿವರನ್ನು ಕೇಳಿಕೊಂಡು, ಭಾನುವಾರ ಭಾನುವಾರ.
ವಿನೋಬನಗರದವರು ನನ್ನ ಪ್ರಶ್ನೆ ಮುಗಿಯುವ ಮೊದಲೇ
ಉತ್ತರ ಮುಗಿಸಿದರು.
ಸಾಗರ ರಸ್ತೆಯಲ್ಲಿ ಟೋಕನ್: ಇನ್ನೂರ ಹದಿನಾರು.
ಸರದಿ ಬಂದಾಗ ಸ್ವಾಮಿಗಳು ಕಣ್ಣು ಮುಚ್ಚಿ, ತೆರೆದು,
'ನಿಮ್ಮ ಕಚೇರಿಯಲ್ಲಿ ನಮ್ಮ ಭಕ್ತರದೊಂದು
ಪೆಟ್ರೋಲ್ ಬಂಕಿನ ಕೇಸಿದೆಯಲ್ಲ' ಎಂದರು.
ಇನ್ನೊಬ್ಬರು ನಿಜಕ್ಕೂ ದೊಡ್ಡವರು, ಓದಿದವರು.
ಅವರು ಹೇಳಿದ್ದೆಲ್ಲ ಅರ್ಥವಾಯಿತು.
ಅರ್ಥವಾದದ್ದನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟುಕೊಂಡು
ತುಂಗೆಯ ಸೇತುವೆ ದಾಟಿ ಮನೆಗೆ ಬಂದೆ.
ಇನ್ನೂ ಅಲ್ಲೇ ಇದೆ, ರೇನ್‌ಕೋಟಿನ ಕೆಳಗೆ.

ಮುರಿಗೆಮ್ಮ ಟೀಚರ್ ಬಂದದ್ದು ದೂರು ಹಿಡಿದು:
ಗ್ಯಾಸ್ ಸಿಲಿಂಡರು ಮುನ್ನೂರು ಗ್ರಾಂ ಕಮ್ಮಿ.
ಮೂವತ್ತೊಂದು ವರ್ಷ ಕಿವುಡು ಮಕ್ಕಳಿಗೆ ಕಲಿಸಿದವರು,
ಈಗ ತಮಗೇ ಕಿವಿ ಮಂದ;
ನಾನು ಮಾತಾಡಿದರೆ ಕಣ್ಣು ನನ್ನ ತುಟಿಯ ಮೇಲೆ.
ರಸೀದಿ ಬರೆಯುತ್ತ ಲೋಕಾಭಿರಾಮವಾಗಿ ಅಂದೆ:
'ಏನೋ, ದೇವರ ದಯೆ, ನೆಮ್ಮದಿಯಾಗಿದ್ದೇನೆ.'
ಅವರು ನನ್ನ ಪೆನ್ನಿಗೆ ಮುಚ್ಚಳ ಹಾಕಿ ಕೊಟ್ಟರು.
'ನೆಮ್ಮದಿ ಅಂದಾಗ ನಿನ್ನ ತುಟಿ ಬೇರೇನೋ ಅಂತಿತ್ತಮ್ಮ.'

ದುರ್ಗಿಗುಡಿಯ ಹಿಂದಿನ ಗಲ್ಲಿ, ಮೆಟ್ಟಿಲ ಮೇಲಿನ ಮನೆ.
ಕೇಳಿಯೇ ಬಿಟ್ಟೆ: ನೀವು ನನಗೆ ಗುರುವಾಗ್ತೀರಾ?
ಅವರೆಕಾಯಿ ಸುಲಿಯುತ್ತಿದ್ದ ಕೈ ನಿಲ್ಲಲಿಲ್ಲ.
'ಗುರುವೂ ಇಲ್ಲ ಗಿರುವೂ ಇಲ್ಲ.
ಅಟ್ಟ ಹತ್ತೋಳು ನೀನು,
ಏಣಿ ಹಿಡ್ಕೊಂಡು ನಿಲ್ತೀನಿ ಬೇಕಾದರೆ.
ಮೇಲೇನಿದೆ ಅಂತ ನನ್ನ ಕೇಳಬೇಡ,
ಅದು ನಿನ್ನ ಮನೆ ಅಟ್ಟ.
ಮೂರು ಸಲ ಬಾ. ಆಮೇಲೆ
ಬೇಡ ಅನ್ನೋ ಹಕ್ಕು ನಿನಗೂ ಇರ್ತದೆ, ನನಗೂ ಇರ್ತದೆ.
ಕಾಲಿಗೆ ಬೀಳೋದಾದರೆ ಮೊದಲನೇ ಸಲವೂ ಬೇಡ.'

ಮೊದಲ ಸಲ ನಾನು ಭಾಷಣ ಮಾಡಿದೆ. ಕೇಳಿಸಿಕೊಂಡರು.
ಎರಡನೆಯ ಸಲ ಅವರು ಕೇಳಿದ್ದು ಒಂದೇ:
'ಈ ವಾರ ಯಾವತ್ತಾದರೂ ಮುಳ್ಳು ನಿಂತಿತ್ತಾ?'
ಇಲ್ಲ ಅಂದೆ. ಅಂದಮೇಲೆ ನೆನಪಾಯಿತು:
ಬುಧವಾರ, ಮಂಡ್ಲಿಯ ರೇಷನ್ ಅಂಗಡಿಯಲ್ಲಿ,
ಒಂದು ಮಗು ತಕ್ಕಡಿಯ ತಟ್ಟೆಯಲ್ಲಿ ಕೂತು
'ನಾನೆಷ್ಟು?' ಅಂದಾಗ.
ಅವರು ಏನೂ ಹೇಳಲಿಲ್ಲ. ಹೇಳಿದ್ದರೆ ಹಾಳಾಗುತ್ತಿತ್ತು.

ತಿಂಗಳಿಗೊಮ್ಮೆ ಅವರೂ ಬಸ್ಸು ಹತ್ತುತ್ತಾರೆ, ತೀರ್ಥಹಳ್ಳಿಗೆ,
ತಮ್ಮ ಏಣಿ ಹಿಡಿಯುವ ಯಾರೋ ಒಬ್ಬರ ಬಳಿಗೆ.
ಇದು ತಿಳಿದ ದಿನ ನನಗೆ ಧೈರ್ಯ ಬಂತು.
ನಮ್ಮ ಕಪಾಟಿನ ಹಿತ್ತಾಳೆ ಬಟ್ಟುಗಳೂ ಹಾಗೆಯೇ,
ಊರನ್ನೆಲ್ಲ ತೂಗುವ ಮುನ್ನ ತಾವೇ ಹೋಗಿ
ಬೇರೊಂದು ಬಟ್ಟಿನೆದುರು ನಿಲ್ಲಬೇಕು;
ಕೈಯಿಂದ ಕೈಗೆ ಸವೆದಿರುತ್ತವೆ, ತಮಗೇ ತಿಳಿಯದಂತೆ.

ಮೂರನೆಯ ಸಲ ಹೋದಾಗ ಕಿವಿಯ ಯಂತ್ರ ಬಿಚ್ಚಿ
ಹುಣಿಸೆಬೀಜದಂತೆ ಮೇಜಿನ ಮೇಲಿಟ್ಟಿದ್ದರು.
ಕಿಟಕಿಯ ಬೆಳಕಿಗೆ ನನ್ನ ಮುಖ ತಿರುಗಿಸಿ
'ದನಿ ಬೇಡ. ಬರೀ ಹೇಳು' ಅಂದರು.
ಹೇಳಿದೆ. ಅವ್ವನ ಕೊನೆಯ ರಾತ್ರಿ, ಆಸ್ಪತ್ರೆಯಲ್ಲಿ,
ನಾನು ಕಾಫಿಗೆಂದು ಮೆಟ್ಟಿಲಿಳಿದು ಹೋದದ್ದು,
ಕಾಫಿ ಮುಗಿದ ಮೇಲೂ ಕೂತೇ ಇದ್ದದ್ದು,
ಅಲ್ಲಿ ಕೂತು ಏನು ಬೇಡಿಕೊಂಡೆ ಎಂಬುದನ್ನು.
ಕೆಳಗೆ ಗಲ್ಲಿಯಲ್ಲೊಂದು ಆಟೋ ಹೋಯಿತು,
ನನಗೊಬ್ಬಳಿಗೇ ಕೇಳಿಸಿತು.

ಬಹಳ ಹೊತ್ತಾದ ಮೇಲೆ ಟೀಚರ್ ಅಂದರು:
'ಇನ್ನೊಂದು ಸಲ ಹೇಳು.
ಕೊನೆಯ ಮಾತು ನನಗೆ ಸರಿಯಾಗಿ ಕಾಣಲಿಲ್ಲ.'